ವಾದಿಸುವವರಿಲ್ಲದ ಗೆಲುವು

1911ರ ಜುಲೈ 29ರ ಸಂಜೆ ಕಲ್ಕತ್ತದ ಮೈದಾನದ ಮೇಲೆ ಗಾಳಿಪಟಗಳು ಹಾರಾಡುತ್ತಿದ್ದವು. ಅಂದು ನೆರೆದಿದ್ದ ಜನರಲ್ಲಿ ಬಹುಪಾಲು ಮಂದಿಗೆ ಆಟವೇ ಕಾಣಿಸುತ್ತಿರಲಿಲ್ಲ. ಮರವೇರಿದವರಿಗೆ, ಪೆಟ್ಟಿಗೆಗಳ ಮೇಲೆ ನಿಂತವರಿಗೆ ಒಂದಿಷ್ಟು ಕಂಡರೆ ಕಂಡಿತು. ಹಿಂದಿನ ಸಾಲುಗಳವರಿಗೆ ಯಾರು ಎಷ್ಟು ಗೋಲು ಹೊಡೆದರೆಂಬ ಸುದ್ದಿಯನ್ನು ಮುಟ್ಟಿಸಲು ಗಾಳಿಪಟಗಳನ್ನು ಏರಿಸಲಾಗಿತ್ತು. ಸ್ಥಳೀಯರ ಒಂದು ಕ್ಲಬ್ಬು ಬ್ರಿಟಿಷ್ ಸೈನ್ಯದ ಒಂದು ರೆಜಿಮೆಂಟಿನ ತಂಡದೊಡನೆ ಐ.ಎಫ್.ಎ. ಶೀಲ್ಡ್‌ನ ಅಂತಿಮ ಪಂದ್ಯವನ್ನು ಆಡುತ್ತಿತ್ತು. ಆಟ ಆ ಸಂಜೆಯೇ ಮುಗಿಯಿತು. ಅದರ ಬಗೆಗಿನ ವಾದ ಮಾತ್ರ ನೂರು ವರ್ಷಗಳನ್ನು ದಾಟಿ ಇಂದಿಗೂ ಮುಗಿದಿಲ್ಲ.

ಇತಿಹಾಸಕಾರರು ಸಾಮಾನ್ಯವಾಗಿ ಅಭಿಮಾನಿಗಳ ಮಾತನ್ನು ಗಂಭೀರವಾಗಿ ಪರಿಗಣಿಸುವುದಿಲ್ಲ. ಅದರಲ್ಲಿ ಉತ್ಪ್ರೇಕ್ಷೆಯಿದೆ, ಪಕ್ಷಪಾತವಿದೆ, ಬೇಕಾದುದನ್ನು ಮಾತ್ರ ನೆನಪಿಟ್ಟುಕೊಳ್ಳುವ ಜಾಣತನವಿದೆ ಎನ್ನುತ್ತಾರೆ. ಅದು ನಿಜವೂ ಹೌದು. ಆದರೂ ಒಂದು ಪಂದ್ಯ ಚರಿತ್ರೆಯ ಭಾಗವಾಗಿ ಉಳಿಯುವುದೋ ಅಳಿಯುವುದೋ ಎಂಬುದನ್ನು ಕೊನೆಗೆ ನಿರ್ಧರಿಸುವವರು ಅದರ ಬಗ್ಗೆ ಜಗಳವಾಡುತ್ತ ಬಂದ ಜನರೇ. 1911ರ ಪಂದ್ಯವನ್ನು ಕುರಿತ ವಾದಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅಷ್ಟೇ ಅಲ್ಲ, ಕನ್ನಡಿಗರಾದ ನಾವು ಕಳೆದುಕೊಂಡ ಒಂದು ನೆನಪಿನ ಲೆಕ್ಕವೂ ಅದರ ಜೊತೆಗೇ ಬರುತ್ತದೆ.

ಮೊದಲು ಪಂದ್ಯದ ಹಿನ್ನೆಲೆ. 1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದ. ಅದರ ವಿರುದ್ಧ ಸ್ವದೇಶಿ ಚಳವಳಿ ಎದ್ದಿತು, ವಿದೇಶಿ ಬಟ್ಟೆಯ ಬಹಿಷ್ಕಾರ ನಡೆಯಿತು, ಗುಪ್ತ ಸಂಘಗಳು ಬಾಂಬು ಹಿಡಿದವು. 1908ರಲ್ಲಿ ಹದಿಹರೆಯದ ಖುದಿರಾಮ್ ಬೋಸ್ ಗಲ್ಲಿಗೇರಿದ. ಬಂಗಾಳಿ ಗಂಡಸು ಓದಿನಲ್ಲಿ ಜಾಣ, ದೇಹಬಲದಲ್ಲಿ ದುರ್ಬಲ ಎಂಬುದು ಆಗ ಆಳುವವರ ವಲಯದಲ್ಲಿ ಬೇರುಬಿಟ್ಟಿದ್ದ ಅಭಿಪ್ರಾಯವಾಗಿತ್ತು. ಅದಕ್ಕೆ ಉತ್ತರವಾಗಿ ಊರೂರಿನಲ್ಲಿ ಗರಡಿಮನೆಗಳು ತಲೆಯೆತ್ತಿದ್ದವು. ಫುಟ್‌ಬಾಲ್ ಕೂಡ ಅಂಥದೇ ಒಂದು ಗರಡಿಯಾಗಿತ್ತು. 1889ರ ಆಗಸ್ಟ್ 15ರಂದು ಹುಟ್ಟಿದ ಮೋಹನ್ ಬಾಗನ್ ಕ್ಲಬ್ಬು ಉತ್ತರ ಕಲ್ಕತ್ತದ ಭದ್ರಲೋಕದ ಕುಟುಂಬಗಳು ಕಟ್ಟಿದ, ಶಿಸ್ತಿಗೆ ಹೆಸರಾದ ಸಂಸ್ಥೆ. ಐ.ಎಫ್.ಎ. ಶೀಲ್ಡ್ 1893ರಲ್ಲಿ ಆರಂಭವಾಯಿತು. ಮುಂದಿನ ಹದಿನೆಂಟು ವರ್ಷ ಅದು ಬ್ರಿಟಿಷ್ ಕೈಗಳಲ್ಲೇ ಉಳಿಯಿತು.

ಆ ವರ್ಷ ಮೋಹನ್ ಬಾಗನ್ ಸೇಂಟ್ ಝೇವಿಯರ್ಸ್ ತಂಡವನ್ನು 3-0, ರೇಂಜರ್ಸ್ ತಂಡವನ್ನು 2-1, ರೈಫಲ್ ಬ್ರಿಗೇಡನ್ನು 1-0 ಅಂತರದಲ್ಲಿ ಸೋಲಿಸಿತು. ಸೆಮಿಫೈನಲ್‌ನಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನೊಡನೆ ಮೊದಲ ದಿನ 1-1 ಸಮವಾಯಿತು. ಮರುಪಂದ್ಯದಲ್ಲಿ 3-0 ಗೆಲುವು ದೊರೆಯಿತು. ಫೈನಲ್‌ನ ಎದುರಾಳಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್. ಆ ದಿನ ಹೊರ ಊರುಗಳಿಂದ ಜನರನ್ನು ಕರೆತರಲು ವಿಶೇಷ ರೈಲು ಓಡಿತು, ಹೂಗ್ಲಿಯಲ್ಲಿ ಹೆಚ್ಚುವರಿ ಸ್ಟೀಮರುಗಳು ಸಂಚರಿಸಿದವು. ಟಿಕೆಟುಗಳು ಹಲವು ಪಟ್ಟು ಬೆಲೆಗೆ ಕೈಬದಲಾದವು. ಮೊದಲ ಗೋಲು ರೆಜಿಮೆಂಟಿನದು; ಸಾರ್ಜೆಂಟ್ ಜಾಕ್ಸನ್ ಫ್ರೀ ಕಿಕ್‌ನಿಂದ ಚೆಂಡನ್ನು ಬಲೆಗೆ ಸೇರಿಸಿದ. ಬಳಿಕ ನಾಯಕ ಶಿಬ್‌ದಾಸ್ ಭಾದುರಿ ಸಮ ಮಾಡಿದ. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅಭಿಲಾಷ್ ಘೋಷ್ ಗೆಲುವಿನ ಗೋಲು ಹೊಡೆದ. 2-1.

ಇಷ್ಟರ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರು ಆರಂಭವಾಗುವುದು ಇದರ ನಂತರ.

ಮೊದಲನೆಯ ವಾದ ‘ಮೊದಲು’ ಎಂಬ ಪದದ ಮೇಲಿನದು. ಬ್ರಿಟಿಷರನ್ನು ಫುಟ್‌ಬಾಲ್‌ನಲ್ಲಿ ಮೊದಲು ಸೋಲಿಸಿದ್ದು ಮೋಹನ್ ಬಾಗನ್ ಎಂದು ಆ ಕ್ಲಬ್ಬಿನ ಕಟ್ಟಾ ಅಭಿಮಾನಿ ಹೇಳಿದರೆ, ಪಕ್ಕದಲ್ಲಿ ಕುಳಿತವನು ಶೋಭಾಬಜಾರ್ ಕ್ಲಬ್ಬಿನ ಹೆಸರೆತ್ತುತ್ತಾನೆ. 1892ರಲ್ಲೇ ಟ್ರೇಡ್ಸ್ ಕಪ್ ಪಂದ್ಯದಲ್ಲಿ ಆ ತಂಡ ಈಸ್ಟ್ ಸರ್ರೆ ರೆಜಿಮೆಂಟನ್ನು ಸೋಲಿಸಿತ್ತು. ಆ ಗೆಲುವಿನ ಹಿಂದಿದ್ದ ನಗೇಂದ್ರಪ್ರಸಾದ್ ಸರ್ವಾಧಿಕಾರಿಯವರನ್ನು ಭಾರತೀಯ ಫುಟ್‌ಬಾಲ್‌ನ ಜನಕನೆಂದೇ ಕರೆಯುವುದುಂಟು. ಹಾಗಾದರೆ ಶೋಭಾಬಜಾರಿನ ಹೆಸರು ಏಕೆ ಅಷ್ಟಾಗಿ ಕೇಳಿಬರುವುದಿಲ್ಲ? ಅದು ಗೆದ್ದದ್ದು ಪಂದ್ಯವನ್ನು, ಶೀಲ್ಡನ್ನಲ್ಲ ಎಂಬುದು ಒಂದು ಕಾರಣ. ಇನ್ನೂ ದೊಡ್ಡ ಕಾರಣವೆಂದರೆ, 1892ರಲ್ಲಿ ಆ ಗೆಲುವನ್ನು ತನ್ನದೆಂದು ಎತ್ತಿಹಿಡಿಯಲು ಬೇಕಾದ ಕಾಲ ಇನ್ನೂ ಹಣ್ಣಾಗಿರಲಿಲ್ಲ. ವಿಭಜನೆಯ ಗಾಯ 1905ರಲ್ಲಿ ಆಯಿತು. ಗಾಯವಾದ ಮೇಲೆ ಬಂದ ಗೆಲುವು ಮುಲಾಮಾಗಿ ಒದಗಿತು.

ಎರಡನೆಯ ವಾದ ಬರಿಗಾಲಿನದು. ಅಂದು ಆಡಿದ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಬೂಟು ತೊಟ್ಟವರು ಸುಧೀರ್ ಚಟರ್ಜಿ ಒಬ್ಬರೇ. ಕಬ್ಬಿಣದಂಥ ಬೂಟುಗಳ ಎದುರು ಬರಿಯ ಪಾದಗಳು ಎಂಬ ಚಿತ್ರ ಎಷ್ಟು ಪರಿಣಾಮಕಾರಿಯೆಂದರೆ, ಉಳಿದ ಎಲ್ಲ ವಿವರಗಳೂ ಅದರ ಮುಂದೆ ಮಂಕಾಗುತ್ತವೆ. ಆದರೆ ಆಟವನ್ನು ಬಲ್ಲ ಹಿರಿಯ ಅಭಿಮಾನಿಗಳು ಇಲ್ಲಿ ತಡೆಯುತ್ತಾರೆ. ಒಣ ನೆಲದ ಮೇಲೆ ಬರಿಗಾಲು ಶಾಪವಲ್ಲ, ವರ. ಚೆಂಡಿನ ಮೇಲಿನ ಹಿಡಿತವೂ ಓಟದ ವೇಗವೂ ಅದರಿಂದ ಹೆಚ್ಚುತ್ತವೆ. ಮಳೆ ಬಿದ್ದು ಕೆಸರಾದಾಗ ಮಾತ್ರ ಪಾದ ಜಾರುತ್ತದೆ, ಬೂಟು ನಿಲ್ಲುತ್ತದೆ. ಇದೇ ಮೋಹನ್ ಬಾಗನ್ 1923ರಲ್ಲಿ ಮತ್ತೆ ಶೀಲ್ಡ್ ಫೈನಲ್ ತಲಪಿತು. ಮಳೆಯಲ್ಲಿ ನೆನೆದ ಮೈದಾನದಲ್ಲಿ ಕಲ್ಕತ್ತ ಫುಟ್‌ಬಾಲ್ ಕ್ಲಬ್ಬಿಗೆ 0-3ರಿಂದ ಸೋತಿತು. ವೀರಗಾಥೆಯಲ್ಲಿ ಬರಿಗಾಲು ಬಡತನದ ಮತ್ತು ಧೈರ್ಯದ ಸಂಕೇತ. ಆಟಗಾರನಿಗೆ ಅದು ರೂಢಿಯಾಗಿತ್ತು, ಒಂದು ಬಗೆಯ ಕೌಶಲವಾಗಿತ್ತು, ಹವಾಮಾನವನ್ನು ನೆಚ್ಚಿದ ಜೂಜೂ ಆಗಿತ್ತು.

ಮೂರನೆಯ ವಾದ ಎಲ್ಲಕ್ಕಿಂತ ಕಾವೇರಿದ್ದು: ಈ ಗೆಲುವು ಯಾರದು? 1920ರ ಆಗಸ್ಟ್‌ನಲ್ಲಿ ಈಸ್ಟ್ ಬೆಂಗಾಲ್ ಕ್ಲಬ್ಬು ಹುಟ್ಟಿದ ಮೇಲೆ ಕಲ್ಕತ್ತದ ಫುಟ್‌ಬಾಲ್ ಪ್ರಪಂಚ ಎರಡು ಪಾಲಾಯಿತು. ಒಂದು ಕಡೆ ಪಶ್ಚಿಮ ಬಂಗಾಳದ ಮೂಲನಿವಾಸಿಗಳು. ಇನ್ನೊಂದು ಕಡೆ ಪದ್ಮಾ ನದಿಯ ಆಚೆಯಿಂದ ಬಂದವರು, 1947ರ ಬಳಿಕ ಮನೆಮಠ ಬಿಟ್ಟು ಬಂದ ನಿರಾಶ್ರಿತರು. ಮೋಹನ್ ಬಾಗನ್ ಗೆದ್ದ ದಿನ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದ ದಿನ ಇಲಿಶ್ ಮೀನು ಎಂಬಷ್ಟರ ಮಟ್ಟಿಗೆ ಈ ಭೇದ ಅಡುಗೆಮನೆಯನ್ನೂ ಹೊಕ್ಕಿದೆ. ಮೋಹನ್ ಬಾಗನ್ನಿನವರು 1911ನ್ನು ನೆನಪಿಸಿದಾಗಲೆಲ್ಲ ಈಸ್ಟ್ ಬೆಂಗಾಲಿನವರ ಬತ್ತಳಿಕೆಯಲ್ಲಿ ಒಂದು ಬಾಣ ಸಿದ್ಧವಾಗಿರುತ್ತದೆ: ಆ ಹನ್ನೊಂದರಲ್ಲಿ ಹೆಚ್ಚಿನವರ ಬೇರು ಪೂರ್ವ ಬಂಗಾಳದಲ್ಲೇ ಇತ್ತಲ್ಲವೇ? ಗೆದ್ದ ಕ್ಲಬ್ಬು ನಿಮ್ಮದು, ಗೆದ್ದ ಕಾಲುಗಳು ನಮ್ಮವು ಎಂಬುದು ಆ ಬಾಣದ ಮೊನೆ. ನಾಯಕ ಶಿಬ್‌ದಾಸನ ಕುಟುಂಬದ ಮೂಲ ಫರೀದಪುರ ಎಂಬುದನ್ನು ಅವರು ಸಾಕ್ಷಿಯಾಗಿ ತರುತ್ತಾರೆ. ಈ ಹಂಚಿಕೆಯ ಲೆಕ್ಕ 1911ರಲ್ಲಿ ಯಾರಿಗೂ ಬೇಕಿರಲಿಲ್ಲ ಎಂಬುದನ್ನು ಮರೆಯಬಾರದು. ಒಡೆದ ಬಂಗಾಳ ಒಂದಾಗಬೇಕೆಂದು ಕೇಳುತ್ತಿದ್ದ ಕಾಲ ಅದು. ಮುಸ್ಲಿಂ ಸಮುದಾಯದ ಪತ್ರಿಕೆಗಳೂ ಅಂದಿನ ಗೆಲುವಿನ ಸಂತೋಷದಲ್ಲಿ ಪಾಲುಗೊಂಡಿದ್ದವು. ಮುಂದೆ ಬಂದ ಒಡಕುಗಳನ್ನು ಅಭಿಮಾನಿಗಳು ಹಿಂದಕ್ಕೆ ಕೊಂಡೊಯ್ದು ಆ ಸಂಜೆಯ ಮೇಲೆ ಹೊದಿಸಿದರು.

ನಾಲ್ಕನೆಯ ವಾದ ಪಂದ್ಯದ ಪರಿಣಾಮವನ್ನು ಕುರಿತದ್ದು. ದೆಹಲಿಯಲ್ಲಿ ನೆಲಸಿರುವ ಕನ್ನಡಿಗರಿಗೂ ಇದು ಸಂಬಂಧಿಸಿದ್ದು. ಆ ವರ್ಷದ ಡಿಸೆಂಬರ್ 12ರಂದು ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ಎರಡು ಘೋಷಣೆಗಳನ್ನು ಮಾಡಿದ: ಬಂಗಾಳದ ವಿಭಜನೆ ರದ್ದು, ರಾಜಧಾನಿ ಕಲ್ಕತ್ತದಿಂದ ದೆಹಲಿಗೆ. ಜುಲೈನಲ್ಲಿ ಸೋಲು, ಡಿಸೆಂಬರ್‌ನಲ್ಲಿ ಸ್ಥಳಾಂತರ; ಬರಿಗಾಲಿನ ಹುಡುಗರಿಗೆ ಹೆದರಿ ಸಾಮ್ರಾಜ್ಯವೇ ಗಂಟುಮೂಟೆ ಕಟ್ಟಿತು ಎಂಬ ಕಥೆ ಹುಟ್ಟಲು ಇಷ್ಟು ಸಾಕಾಯಿತು.

ತೇದಿಗಳು ಈ ಕಥೆಗೆ ಒಪ್ಪುವುದಿಲ್ಲ. ವೈಸರಾಯ್ ಹಾರ್ಡಿಂಜ್‌ನ ಮಂಡಲಿಯಲ್ಲಿ ಗೃಹ ಖಾತೆಯನ್ನು ನೋಡುತ್ತಿದ್ದ ಜಾನ್ ಜೆಂಕಿನ್ಸ್ ರಾಜಧಾನಿಯ ಬದಲಾವಣೆಯನ್ನು ಸೂಚಿಸಿ ಟಿಪ್ಪಣಿ ಬರೆದದ್ದು 1911ರ ಜೂನ್ ತಿಂಗಳಲ್ಲಿ, ಎಂದರೆ ಪಂದ್ಯಕ್ಕಿಂತ ಮೊದಲು. ಭಾರತ ಸರ್ಕಾರದ ವಿಧ್ಯುಕ್ತ ಪತ್ರ ಲಂಡನ್ನಿಗೆ ಹೊರಟದ್ದು ಆಗಸ್ಟ್ 25ರಂದು. ಅದರಲ್ಲಿ ಪ್ರಾಂತ್ಯಗಳ ಸ್ವಾಯತ್ತತೆ, ಕಲ್ಕತ್ತದ ಭೌಗೋಳಿಕ ಅನನುಕೂಲ, ದೆಹಲಿಯ ಐತಿಹಾಸಿಕ ಮಹತ್ತ್ವ, ವಿಭಜನೆಯಿಂದ ಕೆರಳಿದ ಬಂಗಾಳವನ್ನು ತಣಿಸುವ ಅಗತ್ಯ ಎಲ್ಲವೂ ಇವೆ. ಪಂದ್ಯ ಕಾರಣವಾಗಿರಲು ಸಾಧ್ಯವಿಲ್ಲ. ಹಾಗೆಂದು ಇವೆರಡಕ್ಕೂ ಸಂಬಂಧವೇ ಇಲ್ಲವೆನ್ನುವುದೂ ತಪ್ಪಾದೀತು. ವಿಭಜನೆ ಎಬ್ಬಿಸಿದ ಕಿಚ್ಚು ಒಂದು ಕಡೆ ಮೈದಾನಕ್ಕೆ ಜನಸಾಗರವನ್ನು ತಂದಿತು. ಇನ್ನೊಂದು ಕಡೆ ಸರ್ಕಾರವನ್ನು ಕಲ್ಕತ್ತ ಬಿಡುವ ಯೋಚನೆಗೆ ಹಚ್ಚಿತು. ಇವುಗಳ ನಡುವೆ ಇರುವುದು ತಾಯಿಮಗುವಿನ ಸಂಬಂಧವಲ್ಲ, ಒಡಹುಟ್ಟಿದವರ ಸಂಬಂಧ.

ಕೋಟೆಯ ಬಾವುಟದ ಕಥೆಯೂ ಇಂಥದೇ. ಗೆದ್ದು ಮರಳುತ್ತಿದ್ದ ಆಟಗಾರರನ್ನು ಒಬ್ಬ ವೃದ್ಧ ತಡೆದು, ಫೋರ್ಟ್ ವಿಲಿಯಂ ಮೇಲಿನ ಬ್ರಿಟಿಷ್ ಬಾವುಟವನ್ನು ತೋರಿಸಿ, ಅದು ಇಳಿಯುವುದೆಂದು ಎಂದು ಕೇಳಿದನಂತೆ. ಮೋಹನ್ ಬಾಗನ್ ಮತ್ತೆ ಶೀಲ್ಡ್ ಗೆದ್ದಾಗ ಎಂದು ಗುಂಪಿನಿಂದ ಉತ್ತರ ಬಂತಂತೆ. ಕ್ಲಬ್ಬು ಎರಡನೆಯ ಬಾರಿ ಶೀಲ್ಡ್ ಗೆದ್ದದ್ದು 1947ರಲ್ಲಿ. ಕ್ಲಬ್ಬಿನ ಹುಟ್ಟುದಿನ ಆಗಸ್ಟ್ 15 ಎಂಬುದನ್ನೂ ಸೇರಿಸಿಕೊಂಡರೆ ಮೈ ನವಿರೇಳದ ಅಭಿಮಾನಿಯಿಲ್ಲ. ಫಲಿಸಿದ ಮೇಲೆ ನೆನಪಾಗುವ ಭವಿಷ್ಯವಾಣಿಗಳು ಎಲ್ಲ ನಾಡುಗಳಲ್ಲೂ ಇವೆ. ನಮ್ಮ ಕಾಲಜ್ಞಾನದ ಪರಂಪರೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವನ್ನು ಸುಳ್ಳೆಂದು ತಳ್ಳಿಹಾಕುವುದಕ್ಕಿಂತ, ಜನ ಆ ಗೆಲುವಿನಿಂದ ಏನನ್ನು ಬಯಸಿದ್ದರು ಎಂಬುದಕ್ಕೆ ದಾಖಲೆಯೆಂದು ಓದುವುದು ಮೇಲು.

ವಾಸ್ತವದಲ್ಲಿ ಪಂದ್ಯದ ಮರುದಿನ ಬದಲಾದದ್ದು ಬಹಳ ಕಡಿಮೆ. ಇಷ್ಟು ದೊಡ್ಡ ಗೆಲುವಿನ ನಂತರವೂ ಮೋಹನ್ ಬಾಗನ್ನಿಗೆ ಕಲ್ಕತ್ತ ಲೀಗಿನ ಎರಡನೆಯ ದರ್ಜೆಯಲ್ಲಿ ಸ್ಥಾನ ಸಿಕ್ಕಿದ್ದು 1914ರಲ್ಲಿ, ಮೊದಲ ದರ್ಜೆಯಲ್ಲಿ 1915ರಲ್ಲಿ. ಮೊದಲ ದರ್ಜೆಯಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳಿಗೆ ಅವಕಾಶವಿಲ್ಲವೆಂಬ ನಿಯಮ ಇನ್ನೂ ಹತ್ತು ವರ್ಷ ಮುಂದುವರಿಯಿತು. ಈಸ್ಟ್ ಬೆಂಗಾಲ್ ಹಟ ಹಿಡಿದ ಮೇಲೆ ಅದು ಬಿದ್ದಿತು. ಮತ್ತೊಂದು ಭಾರತೀಯ ತಂಡ ಶೀಲ್ಡ್ ಗೆಲ್ಲಲು ಕಾಲು ಶತಮಾನ ಹಿಡಿಯಿತು. 1936ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಆ ಕೆಲಸ ಮಾಡಿತು. ಕಣ್ಣಿಗೆ ಕಾಣುವ ಫಲ ಇಷ್ಟು ಅಲ್ಪವಾಗಿದ್ದರೂ 1911 ಬೆಳೆಯುತ್ತಲೇ ಹೋಯಿತು. ಪ್ರತಿ ಪೀಳಿಗೆಯೂ ಅದನ್ನು ಹಿಂದಿನವರಿಂದ ಪಡೆದು, ತನ್ನ ಕಾಲದ ಪ್ರಶ್ನೆಯೊಂದನ್ನು ಅದಕ್ಕೆ ಕಟ್ಟಿ ಮುಂದಿನವರಿಗೆ ದಾಟಿಸಿತು. ಜುಲೈ 29 ಇಂದು ‘ಮೋಹನ್ ಬಾಗನ್ ದಿನ’. ಆ ಹನ್ನೊಂದು ಮಂದಿಗೆ ‘ಅಮರ ಏಕಾದಶ’ ಎಂಬ ಹೆಸರಿದೆ.

ಈಗ ಮುಂಬಯಿಗೆ ಬರೋಣ. ಕಲ್ಕತ್ತಕ್ಕೆ ಐ.ಎಫ್.ಎ. ಶೀಲ್ಡ್ ಇದ್ದಂತೆ ಮುಂಬಯಿಗೆ ರೋವರ್ಸ್ ಕಪ್ ಇತ್ತು. 1891ರಲ್ಲಿ ಆರಂಭವಾಗಿ, ಬಹುಕಾಲ ಕೂಪರೇಜ್ ಮೈದಾನದಲ್ಲಿ ನಡೆದ ಪಂದ್ಯಾವಳಿ ಅದು. ಅದನ್ನೂ ದಶಕಗಟ್ಟಲೆ ರೆಜಿಮೆಂಟುಗಳೇ ಗೆಲ್ಲುತ್ತಿದ್ದವು. 1923ರಲ್ಲಿ ಮೋಹನ್ ಬಾಗನ್ ಫೈನಲ್ ತಲಪಿ ಡರ್ಹಾಮ್ ಲೈಟ್ ಇನ್‌ಫೆಂಟ್ರಿಗೆ ಸೋತು ಮರಳಿತ್ತು. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಕಲ್ಕತ್ತದ್ದಲ್ಲ. ಅದು ಬೆಂಗಳೂರಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ, ಆಗ ಲೀಗಿನ ಮೇಲೆ ಲೀಗು ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗನ್ನು ಫೈನಲ್‌ನಲ್ಲಿ ಸೋಲಿಸಿತು. ಮರುವರ್ಷ ಮತ್ತೆ ಗೆದ್ದಿತು. ಆ ಬಾರಿ ಎದುರಿಗಿದ್ದುದು ಬ್ರಿಟಿಷ್ ರೆಜಿಮೆಂಟು. 1948ರಲ್ಲಿ ಮೂರನೆಯ ಸಲ ಗೆದ್ದಾಗ ಸೋತ ತಂಡ ಯಾವುದೆಂದರೆ, ‘ಅಮರ ಏಕಾದಶ’ದ ಅದೇ ಮೋಹನ್ ಬಾಗನ್.

ಈ ಮೂರು ಗೆಲುವುಗಳ ಬಗ್ಗೆ ಕನ್ನಡದಲ್ಲಿ ಯಾವ ವಾದವಿದೆ? ಯಾವ ದಂತಕಥೆಯಿದೆ? ಯಾವ ವೃದ್ಧ ಯಾವ ಬಾವುಟವನ್ನು ತೋರಿಸಿದ? ಮುಂಬಯಿಯಲ್ಲಿ ಅಂದು ಕನ್ನಡಿಗರು ಇರಲಿಲ್ಲವೆನ್ನುವಂತಿಲ್ಲ. ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಕಚೇರಿಗಳಲ್ಲಿ, ರಾತ್ರಿಶಾಲೆಗಳಲ್ಲಿ ಇದ್ದರು. ಆದರೂ ತಮ್ಮ ನಾಡಿನ ರಾಜಧಾನಿಯಿಂದ ಬಂದ ಹುಡುಗರು ಕಪ್ ಎತ್ತಿಕೊಂಡು ಹೋದ ನೆನಪು ನಮ್ಮ ಬರಹಕ್ಕೆ ಇಳಿದದ್ದು ನನ್ನ ಓದಿನಲ್ಲಿ ಎಲ್ಲಿಯೂ ಕಂಡಿಲ್ಲ.

ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. 1937ರ ಫೈನಲ್‌ನಲ್ಲಿ ಎದುರಾಳಿಯೂ ಭಾರತೀಯ ತಂಡವೇ ಆಗಿದ್ದುದರಿಂದ, ಆಳುವವರನ್ನು ಮಣಿಸಿದ ಕಥೆ ಅಲ್ಲಿ ಸಿದ್ಧವಾಗಿ ದೊರೆಯಲಿಲ್ಲ. ಆದರೆ ಅಂಥ ಕಥೆ ಮರುವರ್ಷವೇ ದೊರೆಯಿತು. ಅದನ್ನೂ ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ. ಆದ್ದರಿಂದ ಕಾರಣವನ್ನು ಬೇರೆಡೆ ಹುಡುಕಬೇಕು. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. ಅದರ ಕೇರಿಗಳ ಮಾತು ಹೆಚ್ಚಾಗಿ ಉರ್ದು, ತಮಿಳು. 1947ರವರೆಗೆ ದಂಡು ಮೈಸೂರು ಸಂಸ್ಥಾನದ ಆಡಳಿತಕ್ಕೂ ಸೇರಿರಲಿಲ್ಲ, ಬ್ರಿಟಿಷರ ಕೈಯಲ್ಲಿತ್ತು. ಪೇಟೆಯ ಕನ್ನಡ ಲೇಖಕನಿಗೆ ದಂಡು ಎಂದರೆ ತನ್ನದೇ ಊರಿನ ಪರದೇಶ. ತಂಡದ ಹೆಸರಿನಲ್ಲಿದ್ದ ಸಮುದಾಯದ ಗುರುತು, ಅಂದಿನ ಕ್ರೀಡಾಲೋಕದಲ್ಲಿ ತೀರ ಸಾಮಾನ್ಯವಾಗಿದ್ದರೂ, ನಂತರದ ಕಾಲದ ಕಿವಿಗೆ ಬೇರೆಯಾಗಿ ಕೇಳಿಸಿದ್ದರೆ ಅಚ್ಚರಿಯಿಲ್ಲ. ಹೀಗೆ ಆ ಗೆಲುವನ್ನು ನಮ್ಮದೆನ್ನಲು ನಾವು ಹೋಗಲಿಲ್ಲ. ನಿಮ್ಮದಲ್ಲ ಎಂದು ಜಗಳಕ್ಕೆ ಬರಲು ಎದುರು ಪಕ್ಷವೂ ಇರಲಿಲ್ಲ. ಈಸ್ಟ್ ಬೆಂಗಾಲ್ ಇಲ್ಲದಿದ್ದರೆ 1911ರ ನೆನಪು ಇಷ್ಟು ಹರಿತವಾಗಿ ಉಳಿಯುತ್ತಿರಲಿಲ್ಲವೇನೋ. ಅಲ್ಲಗಳೆಯುವವನೂ ನೆನಪನ್ನು ಕಾಪಾಡುವವನೇ.

ಇದಕ್ಕೆ ಅಹಮದ್ ಖಾನ್ ಅವರ ಬಾಳೇ ಸಾಕ್ಷಿ. ಬೆಂಗಳೂರಿನಲ್ಲಿ ಹುಟ್ಟಿ, ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡಿ, 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲೂ 1951ರ ಏಷ್ಯನ್ ಕ್ರೀಡಾಕೂಟದಲ್ಲೂ ಭಾರತವನ್ನು ಪ್ರತಿನಿಧಿಸಿದವರು ಅವರು. 1949ರಲ್ಲಿ ಅವರು ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಮುಂಚೂಣಿಯ ಐವರು, ಅಹಮದ್ ಖಾನ್, ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್, ಎಲ್ಲರೂ ದಕ್ಷಿಣದವರು. ಕಲ್ಕತ್ತದ ಅಭಿಮಾನಿಗಳು ಅವರಿಗೆ ‘ಪಂಚ ಪಾಂಡವರು’ ಎಂದು ಹೆಸರಿಟ್ಟರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಶೀಲ್ಡ್ ಈಸ್ಟ್ ಬೆಂಗಾಲ್ ಪಾಲಾಯಿತು. ಊರು ಕಳೆದುಕೊಂಡು ಬಂದ ನಿರಾಶ್ರಿತರು ತಮ್ಮ ಮಾನವನ್ನು ಒಪ್ಪಿಸಿದ್ದು ತಮ್ಮ ಭಾಷೆಯೂ ಬಾರದ ಈ ಐವರ ಕಾಲುಗಳಿಗೆ. ಆ ಐವರಲ್ಲಿ ಯಾರು ಮೇಲು ಎಂಬ ವಾದ ಅಲ್ಲಿನ ಮನೆಗಳಲ್ಲಿ ಮೊಮ್ಮಕ್ಕಳ ಕಾಲಕ್ಕೂ ಬಂದಿದೆ. ಅಹಮದ್ ಖಾನ್ 2017ರಲ್ಲಿ ತೀರಿಕೊಂಡರು. ಅವರ ಊರು ಬೆಂಗಳೂರು; ಅವರ ನೆನಪು ನೆಲೆನಿಂತ ಊರು ಕಲ್ಕತ್ತ.

ಹೊರನಾಡಿನಲ್ಲಿ ಬದುಕುವ ನಮಗೆ ಇದರಲ್ಲಿ ಒಂದು ಪಾಠವಿದೆ ಎಂದುಕೊಳ್ಳುತ್ತೇನೆ. ನಾಡಿನ ಹೆಮ್ಮೆಗಳ ಪಟ್ಟಿಯನ್ನು ರಾಜ್ಯೋತ್ಸವದ ದಿನ ಒಪ್ಪಿಸಿ ಮುಗಿಸುತ್ತೇವೆ. ಒಪ್ಪಿಸಿದ್ದನ್ನು ಯಾರೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸದಿದ್ದುದು ಮರುದಿನ ಮರೆತುಹೋಗುತ್ತದೆ. ಕಲ್ಕತ್ತದವರು ಮಾಡಿದ್ದು ಬೇರೆ. ಅವರು ತಮ್ಮ ಗೆಲುವನ್ನು ಪೂಜಿಸಿದಷ್ಟೇ ಅದರ ಬಗ್ಗೆ ಕಚ್ಚಾಡಿದರು. ತಪ್ಪು ತೇದಿಗಳನ್ನು ಹೇಳಿದರು, ತಿದ್ದಿಸಿಕೊಂಡರು, ಮತ್ತೆ ತಪ್ಪು ಹೇಳಿದರು. ಈ ಗದ್ದಲದಲ್ಲಿ ಹನ್ನೊಂದು ಹೆಸರುಗಳೂ ಉಳಿದುಕೊಂಡವು. ನಮ್ಮ 1937ರ ಹನ್ನೊಂದು ಹೆಸರುಗಳನ್ನು ಬಾಯಿಪಾಠ ಹೇಳಬಲ್ಲವರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಆದ್ದರಿಂದ ಒಂದು ವಾದವನ್ನು ಇಲ್ಲಿಯೇ ಹೂಡಿ ಮುಗಿಸುತ್ತೇನೆ. ಬಲಿಷ್ಠ ಮೊಹಮ್ಮಡನ್ ಸ್ಪೋರ್ಟಿಂಗನ್ನು ಮಣಿಸಿದ 1937ರ ಗೆಲುವು ದೊಡ್ಡದೋ, ರೆಜಿಮೆಂಟನ್ನು ಸೋಲಿಸಿದ 1938ರದೋ, ಮೋಹನ್ ಬಾಗನ್ನನ್ನೇ ಬರಿಗೈಯಲ್ಲಿ ಕಳಿಸಿದ 1948ರದೋ? ನನ್ನ ಮತ 1937ಕ್ಕೆ. ಮೊದಲು ಬಾಗಿಲು ತೆರೆದವರ ಕೆಲಸ ಯಾವಾಗಲೂ ಹೆಚ್ಚಿನದು. ಒಪ್ಪದವರು ಹೇಳಲಿ.